ಹಳೇ ಜಿಪ್ಸಿ ಹೀಟರ್ ಫ್ಯಾನ್ ಸ್ವಿಚ್: ಹೊಸದು ತರೋ ಮುಂಚೆ ವೋಲ್ಟೇಜ್ ಎಲ್ಲಿ ಸೋರ್ತಿದೆ ನೋಡಿ

"ಸ್ವಿಚ್ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ." ಹೀಟರ್ ಫ್ಯಾನ್ ತಿರುಗ್ತಿಲ್ಲ ಅಂತ ಹಳೇ ಜಿಪ್ಸಿನೋ ಬೊಲೆರೋನೋ ತಗೊಂಡು ಗ್ಯಾರೇಜ್‌ಗೆ ಹೋದ್ರೆ ಡ್ಯಾಶ್‌ಬೋರ್ಡ್ ಬಿಚ್ಚೋ ಮುಂಚೆನೇ ಈ ಮಾತು ಬಂದಿರತ್ತೆ. ಹೊಸ ಸ್ವಿಚ್ ಹಾಕ್ತಾರೆ, ಫ್ಯಾನ್ ಭರ್ರ್ ಅಂತ ತಿರುಗತ್ತೆ, ದುಡ್ಡು ಕೊಟ್ಟು ಬರ್ತೀವಿ, ಮುಂದಿನ ಮಳೆಗಾಲದ ಹೊತ್ತಿಗೆ ಮತ್ತೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಬಿಚ್ಚಿ ನೋಡಿದ್ರೆ ಹೊಸ ಸ್ವಿಚ್ಚೂ ಹಳೇದರ ಥರಾನೇ ಕರಗಿ ಕೂತಿರತ್ತೆ. ಸ್ವಿಚ್ ಸುಟ್ಟಿರೋದು ಸುಳ್ಳಲ್ಲ. ಆದ್ರೆ ಅದನ್ನ ಸುಟ್ಟಿದ್ದು ಬಹಳ ಸಲ ಬೇರೆ ಯಾರೋ, ಆ ಪುಣ್ಯಾತ್ಮ ಸಿಕ್ಕೋವರೆಗೂ ನೀವು ಎಷ್ಟು ಸ್ವಿಚ್ ತಂದು ಹಾಕಿದ್ರೂ ಅದು ತಿಂತಾನೇ ಇರತ್ತೆ. ಅವನನ್ನ ಹುಡುಕೋದು ಹೇಗೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಒಂದು ಮಲ್ಟಿಮೀಟರ್ ಇದ್ರೆ ಭಾನುವಾರ ಮಧ್ಯಾಹ್ನ ಮನೆ ಮುಂದೇನೇ ಆಗೋ ಕೆಲಸ.

ಬೆಂಗಳೂರಲ್ಲಿ ಹೀಟರ್ ಯಾಕ್ರೀ ಅಂತ ನಗೋರು ಇದ್ದೇ ಇರ್ತಾರೆ. ನಮ್ಮೂರಿನ ದಾಖಲೆ ಚಳಿ 1884ರ ಜನವರಿ 13ನೇ ತಾರೀಕು ಬಿದ್ದ 7.8 ಡಿಗ್ರಿ, ಅಂಥ ಚಳಿ ಈಗ ಕನಸು, ಒಪ್ಕೊಳ್ಳೋಣ. ಆದ್ರೆ ಹೀಟರ್ ಫ್ಯಾನ್ ಇರೋದು ಮೈ ಬೆಚ್ಚಗೆ ಮಾಡಕ್ಕೆ ಮಾತ್ರ ಅಂದ್ಕೊಂಡ್ರೆ ತಪ್ಪು. ಮಳೇಲಿ ನಾಲ್ಕು ಜನ ಒದ್ದೆ ಬಟ್ಟೇಲಿ ಕೂತು ಕಿಟಕಿ ಏರಿಸ್ಕೊಂಡು ಚಾರ್ಮಾಡಿ ಘಾಟಿ ಇಳಿಯೋವಾಗ ಮುಂದಿನ ಗಾಜು ಒಳಗಿಂದ ಮಂಜು ಹಿಡಿದು ಎದುರಿಂದ ಬರೋ ಲಾರಿ ಲೈಟು ಬಿಟ್ರೆ ಬೇರೇನೂ ಕಾಣಲ್ವಲ್ಲ, ಆಗ ಗಾಜಿಗೆ ಗಾಳಿ ಹೊಡೆಯೋದು ಇದೇ ಫ್ಯಾನು. ಏಸಿ ಹಾಕ್ಸಿರೋ ಎಷ್ಟೋ ಗಾಡೀಲಿ ತಣ್ಣಗಿನ ಗಾಳಿ ತಳ್ಳೋದೂ ಇದೇ. ಇನ್ನು ಏರೋ ದಾರೀಲಿ ಇಂಜಿನ್ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದ್ರೆ ಹೀಟರ್ ಫುಲ್ ಬಿಸಿ, ಫ್ಯಾನ್ ಫುಲ್ ಸ್ಪೀಡ್ ಇಟ್ರೆ ಡ್ಯಾಶ್ ಒಳಗಿರೋ ಹೀಟರ್ ಕೋರ್ ಎರಡನೇ ಪುಟ್ಟ ರೇಡಿಯೇಟರ್ ಆಗಿ ಸ್ವಲ್ಪ ಬಿಸಿ ಎಳ್ಕೊಳತ್ತೆ. ಬೆವರು ಸುರಿಯತ್ತೆ, ಆದ್ರೆ ಇಂಜಿನ್ ತಲೆಭಾಗದ ಸೀಲು, ಅದೇ ಹೆಡ್ ಗ್ಯಾಸ್ಕೆಟ್, ಉಳಿಯತ್ತೆ.

ಈಗ ಸರ್ಕ್ಯೂಟ್ ಕಡೆ ಬರೋಣ. 1985ರಲ್ಲಿ ಬಂದ 970 ಸಿಸಿ ಜಿಪ್ಸಿ ಇರಲಿ, 1996ರಲ್ಲಿ ಬಂದ 1.3 ಲೀಟರ್ ಜಿಪ್ಸಿ ಕಿಂಗ್ ಇರಲಿ, 2000ದ ಆಸುಪಾಸಿನ ಬೊಲೆರೋ ಇರಲಿ, ಆ ಕಾಲದ ಗಾಡಿಗಳ ಬ್ಲೋವರ್, ಅಂದ್ರೆ ಇದೇ ಹೀಟರ್ ಫ್ಯಾನಿನ, ಸರ್ಕ್ಯೂಟ್ ಹಿಂದಿರೋ ಯೋಚನೆ ಒಂದೇ, ಕಂಪ್ಯೂಟರ್ರೂ ಇಲ್ಲ ಸೆನ್ಸರ್ರೂ ಇಲ್ಲ. ಬ್ಯಾಟರಿಯಿಂದ ಕರೆಂಟ್ ಹೊರಟು ಇಗ್ನಿಷನ್ ಕೀ, ಫ್ಯೂಸ್ ದಾಟಿ, ಫ್ಯಾನ್ ಸ್ವಿಚ್, ರೆಸಿಸ್ಟರ್, ಮೋಟರ್ ಮೂಲಕ ಹೋಗಿ ಬಾಡಿ ಅರ್ಥ್, ಅಂದ್ರೆ ಬ್ಯಾಟರಿ ನೆಗೆಟಿವ್ ಜೊತೆ ಸೇರಿರೋ ಗಾಡಿ ತಗಡು, ಸೇರತ್ತೆ. ಕೆಲವು ಗಾಡೀಲಿ ಸ್ವಿಚ್ಚು ಮೋಟರ್‌ಗಿಂತ ಮುಂಚೆ ಪಾಸಿಟಿವ್ ಕಡೆ ಇರತ್ತೆ, ಕೆಲವದರಲ್ಲಿ ಮೋಟರ್‌ಗೆ ನೇರ ಪಾಸಿಟಿವ್ ಕೊಟ್ಟು ಸ್ವಿಚ್ಚನ್ನ ಅರ್ಥ್ ಕಡೆ ಇಟ್ಟಿರ್ತಾರೆ. ನಿಮ್ಮ ಗಾಡಿ ಯಾವ ಥರ ಅಂತ ಮೊದಲು ತಿಳ್ಕೊಳ್ಳಿ, ಯಾಕಂದ್ರೆ ಮುಂದೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಡಬ್ಬಿ) ಹಾಕೋವಾಗ ಇದು ಬೇಕು. ಕಂಡುಹಿಡಿಯೋದು ಸುಲಭ: ಕೀ ಆನ್ ಮಾಡಿ, ಫ್ಯಾನ್ ಆಫ್ ಇಟ್ಟು, ಮೋಟರ್‌ನ ಎರಡೂ ವೈರಲ್ಲಿ ಬಾಡಿಗೆ ಹೋಲಿಸಿ ವೋಲ್ಟ್ ನೋಡಿ. ಎರಡರಲ್ಲೂ 12 ಬಂದ್ರೆ ಸ್ವಿಚ್ಚು ಅರ್ಥ್ ಕಡೆ ಇದೆ, ಎರಡರಲ್ಲೂ ಸೊನ್ನೆ ಬಂದ್ರೆ ಪಾಸಿಟಿವ್ ಕಡೆ. ಫ್ಯೂಸ್ ಹೋಗಿದ್ರೂ ಸೊನ್ನೇನೇ ತೋರ್ಸತ್ತೆ, ಅದಕ್ಕೆ ಅದನ್ನ ಮೊದಲೇ ನೋಡ್ಕೊಂಡಿರಿ.

ರೆಸಿಸ್ಟರ್ ಅಂದ್ರೆ ಏನು ಅಂತ ಕೇಳೋರಿಗೆ ಹಳೇ ಮನೆಗಳಲ್ಲಿದ್ದ ಆ ದಪ್ಪ ಡಬ್ಬದ ಫ್ಯಾನ್ ರೆಗ್ಯುಲೇಟರ್ ನೆನಪಿಸ್ಕೊಳ್ಳಿ, ಮುಟ್ಟಿದ್ರೆ ಬಿಸಿ ಇರ್ತಿತ್ತಲ್ಲ, ಅದರೊಳಗೆ ಇದ್ದದ್ದೂ ಇದೇ ಸುರುಳಿ ತಂತಿ. ಒಂದನೇ ಸ್ಪೀಡಲ್ಲಿ ಕರೆಂಟು ಪೂರ್ತಿ ಸುರುಳಿ ಹಾದು ಹೋಗಬೇಕು, ಅರ್ಧ ಶಕ್ತಿ ಅಲ್ಲೇ ಬಿಸಿಯಾಗಿ ಖರ್ಚಾಗತ್ತೆ, ಫ್ಯಾನ್ ನಿಧಾನ. ಎರಡನೇದರಲ್ಲಿ ಸುರುಳಿಯ ಒಂದು ಭಾಗ ಮಾತ್ರ. ಮೂರನೇದರಲ್ಲಿ ಸುರುಳಿ ಬಿಟ್ಟು ನೇರ ಮೋಟರ್‌ಗೆ. ಸುರುಳಿ ಕೆಂಪಗೆ ಕಾಯ್ಬಾರ್ದು ಅಂತ ಅದನ್ನ ಫ್ಯಾನ್ ಗಾಳಿ ಹೊಡೆಯೋ ಡಕ್ಟ್ ಒಳಗೇ ಇಟ್ಟಿರ್ತಾರೆ, ಎಷ್ಟೋ ರೆಸಿಸ್ಟರ್‌ಗಳ ಮೇಲೆ ಒಂದು ಥರ್ಮಲ್ ಫ್ಯೂಸೂ ಕೂರ್ಸಿರ್ತಾರೆ, ಗಾಳಿ ನಿಂತು ಅತಿಯಾಗಿ ಬಿಸಿ ಆದ್ರೆ ಅದು ಕಡಿದು ಹೋಗಿ ಗಾಡಿ ಉಳಿಸತ್ತೆ.

ಇಷ್ಟು ತಲೇಲಿ ಇದ್ರೆ ಅರ್ಧ ರೋಗ ಕೂತಲ್ಲೇ ಗೊತ್ತಾಗತ್ತೆ. ಮೂರನೇ ಸ್ಪೀಡಲ್ಲಿ ಮಾತ್ರ ತಿರುಗ್ತಿದೆ, ಒಂದು ಎರಡರಲ್ಲಿ ಸತ್ತಿದೆ ಅಂದ್ರೆ ಸ್ವಿಚ್ ಕಡೆ ಹೋಗೋ ಮುಂಚೆ ರೆಸಿಸ್ಟರ್ ಬಿಚ್ಚಿ ನೋಡಿ, ಯಾಕಂದ್ರೆ ಆ ಎರಡು ಸ್ಪೀಡಿಗೆ ಮಾತ್ರ ಸುರುಳಿ ಬೇಕು, ಮೂರಕ್ಕೆ ಬೇಡ. ಎಲ್ಲಾ ಸ್ಪೀಡೂ ಸತ್ತಿದ್ರೆ ಎಲ್ಲದಕ್ಕೂ ಕಾಮನ್ ಆಗಿರೋದನ್ನ ಅನುಮಾನಿಸಿ: ಫ್ಯೂಸು, ಅರ್ಥು, ಮೋಟರು, ಸ್ವಿಚ್‌ನ ಮೇನ್ ಪಿನ್ನು. ಆನ್ ಇಟ್ಟು ಮೋಟರ್ ಬಾಡಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಗರ್ ಅಂತ ಎದ್ರೆ ಮೋಟರ್ ಒಳಗೆ ಕರೆಂಟ್ ದಾಟಿಸೋ ಬ್ರಷ್ ಸವೆದಿದೆ, ಸ್ವಿಚ್ ಪಾಪ ನಿರಪರಾಧಿ. ಎರಡನೇ ಸ್ಪೀಡ್ ಒಂದೇ ಸತ್ತಿದ್ರೆ, ಅಥವಾ ನಾಬ್ ಸ್ವಲ್ಪ ಒತ್ತಿ ಹಿಡಿದ್ರೆ ಮಾತ್ರ ಓಡತ್ತೆ ಬಿಟ್ರೆ ನಿಲ್ಲತ್ತೆ ಅಂದ್ರೆ ಆಗ ಸ್ವಿಚ್ ಒಳಗಿನ ಪಟ್ಟಿ ಇಲ್ಲಾ ಕನೆಕ್ಟರ್ ಪಿನ್ ಸಡಿಲ ಆಗಿರೋ ಸಾಧ್ಯತೆ ಜಾಸ್ತಿ. ಎಲ್ಲಾ ಸ್ಪೀಡಲ್ಲೂ ಓಡತ್ತೆ ಆದ್ರೆ ಗಾಳಿನೇ ಇಲ್ಲ, ತಿಣುಕತ್ತೆ ಅಂದ್ರೆ ಒಂದೋ ಮೋಟರ್ ಬಿಗಿ ಹಿಡಿದಿದೆ ಇಲ್ಲಾ ದಾರೀಲಿ ವೋಲ್ಟೇಜ್ ಕಳೆದು ಹೋಗ್ತಿದೆ. ನಾಬ್ ಸುಮ್ನೆ ಗಿರಗಿರ ತಿರುಗತ್ತೆ, ಕಟ್ ಕಟ್ ಅನ್ನಲ್ಲ ಅಂದ್ರೆ ಅದು ಕರೆಂಟಿನ ವಿಷಯಾನೇ ಅಲ್ಲ, ಪ್ಲಾಸ್ಟಿಕ್ ನಾಬ್ ಒಳಗೆ ಸೀಳಿರತ್ತೆ, ನಾಬ್ ಬದಲಾಯಿಸಿ ಮುಗೀತು.

ಇಲ್ಲೊಂದು ವಿಷಯ ನಿಧಾನವಾಗಿ ಓದಿ, ಸರಣಿ ಸಾವು ಶುರುವಾಗೋದೇ ಇಲ್ಲಿಂದ. ರೆಸಿಸ್ಟರ್ ಹೋಯ್ತು, ಒಂದು ಎರಡು ಸತ್ತೋಯ್ತು, ನಾವು "ಮೂರು ಓಡ್ತಿದ್ಯಲ್ಲ ಬಿಡು" ಅಂತ ಯಾವಾಗ್ಲೂ ಮೂರರಲ್ಲೇ ಇಟ್ಕೊಂಡು ಓಡಾಡ್ತೀವಿ. ಮೂರನೇ ಸ್ಪೀಡಲ್ಲಿ ಮೋಟರ್ ಎಳೆಯೋದು ಪೂರ್ತಿ ಲೋಡು, ಅದಷ್ಟೂ ಸ್ವಿಚ್ ಒಳಗಿನ ಒಂದೇ ಒಂದು ಸಣ್ಣ ಕಾಂಟ್ಯಾಕ್ಟ್ ಮೂಲಕ ಹೋಗಬೇಕು. ಮೊದಲು ಮೂರು ಕಾಂಟ್ಯಾಕ್ಟ್ ಹಂಚ್ಕೊಂಡಿದ್ದ ಕೆಲಸ ಈಗ ಒಂದರ ತಲೆ ಮೇಲೆ, ಅದೂ ಗರಿಷ್ಠ ಲೋಡಲ್ಲಿ, ದಿನಾ. ಕೊನೆಗೆ ಅದೂ ಸುಡತ್ತೆ, ಆಗ ಗ್ಯಾರೇಜ್‌ಗೆ ಹೋಗಿ ಸ್ವಿಚ್ ಬದಲಾಯಿಸ್ತೀವಿ, ರೆಸಿಸ್ಟರ್ ಹಾಗೇ ಇರತ್ತೆ, ಹೊಸ ಸ್ವಿಚ್ಚಿಗೂ ಅದೇ ಗತಿ.

ಕಾಂಟ್ಯಾಕ್ಟ್ ಸುಡೋದು ಹೇಗೆ ಅಂತ ಒಂದು ಚಿಕ್ಕ ಲೆಕ್ಕ ಹಾಕೋಣ. ಮೋಟರ್ 10 ಆಂಪ್ಸ್ ಎಳೀತಿದೆ ಅಂದ್ಕೊಳ್ಳಿ. ಕಾಂಟ್ಯಾಕ್ಟ್ ಹೊಸದಾಗಿ ಕ್ಲೀನಾಗಿದ್ದಾಗ ಅದರ ರೆಸಿಸ್ಟೆನ್ಸ್ 0.01 ಓಮ್ ಇದ್ರೆ ಅಲ್ಲಿ ಕಳೆಯೋದು 0.1 ವೋಲ್ಟ್, ಹುಟ್ಟೋ ಬಿಸಿ 1 ವ್ಯಾಟ್, ಲೆಕ್ಕಕ್ಕೇ ಇಲ್ಲ. ಧೂಳು, ತೇವ, ಕಿಲುಬು ಸೇರಿ ಅದೇ ಜಾಗ 0.2 ಓಮ್ ಆಯ್ತು ಅನ್ನಿ. ಈಗ ಸುಮಾರು 2 ವೋಲ್ಟ್ ಅಲ್ಲೇ ಹೋಯ್ತು, ಬಿಸಿ 20 ವ್ಯಾಟ್ ಹತ್ರ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಸಿಗೋ ಮಾಮೂಲಿ ಸೋಲ್ಡರಿಂಗ್ ಐರನ್ನೇ 25 ವ್ಯಾಟು, ಅಷ್ಟು ಬಿಸಿಯನ್ನ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಡಬ್ಬದೊಳಗೆ ಗಾಳಿ ಇಲ್ದೆ ಮುಚ್ಚಿಟ್ರೆ ಕರಗದೆ ಇನ್ನೇನಾಗತ್ತೆ? ಬಿಸಿ ಆದ ಕೂಡ್ಲೇ ಒಳಗಿರೋ ಸ್ಪ್ರಿಂಗ್ ಪಟ್ಟಿ ಬಿಗಿ ಕಳ್ಕೊಳತ್ತೆ, ಬಿಗಿ ಹೋದ್ರೆ ಒತ್ತಡ ಕಮ್ಮಿ, ಒತ್ತಡ ಕಮ್ಮಿ ಆದ್ರೆ ರೆಸಿಸ್ಟೆನ್ಸ್ ಜಾಸ್ತಿ, ಮತ್ತೆ ಬಿಸಿ ಜಾಸ್ತಿ. ಒಂದ್ಸಲ ಈ ಸುತ್ತು ಶುರುವಾದ್ರೆ ತಾನಾಗೇ ನಿಲ್ಲಲ್ಲ. ಇನ್ನೊಂದು ಮಾತು, ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರತ್ತೆ, ಮೋಟರ್ ಅಚ್ಚು ತಿರುಗೋ ಬುಷ್ ಒಣಗಿ 10 ಆಂಪ್ಸ್ ಬದಲು 14 ಎಳೆಯಕ್ಕೆ ಶುರು ಮಾಡಿದ್ರೆ ಸ್ವಿಚ್ಚಲ್ಲಿ ಬಿಸಿ ಹತ್ರಹತ್ರ ಎರಡರಷ್ಟಾಗತ್ತೆ. ಈ 14 ಆಂಪ್ಸಿಗೆ ಫ್ಯೂಸ್ ಹಾರಲ್ಲ, ಹಾಕಿರೋದು 15ರದ್ದೋ 20ರದ್ದೋ ಇರತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ, ಸ್ವಿಚ್ ಮಾತ್ರ ಒಳಗೊಳಗೇ ಬೇಯ್ತಿರತ್ತೆ.

ಹಾಗಾದ್ರೆ ಕಳ್ಳ ಯಾರು ಅಂತ ಹಿಡಿಯೋದು ಹೇಗೆ? ಇಲ್ಲಿ ಬಹಳ ಜನ ಮಾಡೋದು ಏನಂದ್ರೆ ಮಲ್ಟಿಮೀಟರನ್ನ ಬೀಪ್ ಮೋಡಿಗೆ ಹಾಕಿ, ಸ್ವಿಚ್ ಪಿನ್ನುಗಳಿಗೆ ಮುಟ್ಟಿಸಿ, ಬೀಪ್ ಬಂದ್ರೆ "ಸ್ವಿಚ್ ಓಕೆ" ಅಂದ್ಬಿಡೋದು. ಆ ಬೀಪನ್ನ ನಂಬಬೇಡಿ. ಬೀಪ್ ಮೋಡಲ್ಲಿ ಮೀಟರ್ ಕಳಿಸೋದು ಆಂಪಿಯರ್‌ನ ಸಾವಿರದಲ್ಲೊಂದೋ ಎರಡೋ ಭಾಗದಷ್ಟು ಕರೆಂಟು, ಕೂದಲೆಳೆಯಷ್ಟು ತಾಮ್ರ ತಾಗ್ತಿದ್ರೂ ಅದು ಬೀಪ್ ಅನ್ನತ್ತೆ. ಅದೇ ಜಾಗದಲ್ಲಿ 10 ಆಂಪ್ಸ್ ಹರಿಸಿದಾಗ ಏನಾಗತ್ತೆ ಅಂತ ಅದಕ್ಕೆ ಗೊತ್ತಾಗೋ ಚಾನ್ಸೇ ಇಲ್ಲ. ಲೋಡ್ ಮೇಲೆ ಅಳೀಬೇಕು. ಅಂದ್ರೆ ಫ್ಯಾನ್ ಓಡ್ತಿರೋವಾಗಲೇ, ಕನೆಕ್ಟರ್ ಬಿಚ್ಚದೇನೇ, ಹಿಂದಿನಿಂದ ಪಿನ್ ಪಕ್ಕ ಮೀಟರ್ ಮುಳ್ಳು ತೂರಿಸಿ ವೋಲ್ಟ್ ನೋಡಬೇಕು.

ಇಂಜಿನ್ ಆಫ್, ಕೀ ಆನ್, ಫ್ಯಾನ್ ಮೂರರಲ್ಲಿ. ಮೀಟರ್ 20 ವೋಲ್ಟ್ ಡಿಸಿ. ಮೊದಲು ಬ್ಯಾಟರಿ ಮೇಲೇ ಅಳೀರಿ, ಚಾರ್ಜ್ ಇರೋ ಬ್ಯಾಟರಿ ಲೋಡ್ ಇಲ್ದೆ 12.6 ತೋರ್ಸತ್ತೆ, ಫ್ಯಾನ್ ಹಾಕಿದ್ಮೇಲೆ ಸ್ವಲ್ಪ ಇಳಿಯತ್ತೆ, 12.3 ಅನ್ನಿ. ಆಮೇಲೆ ಮೋಟರ್‌ನ ಎರಡು ಪಿನ್ ಮಧ್ಯೆ ಅಳೀರಿ. ಅಲ್ಲಿ 11.7, 11.8 ಬಂದ್ರೆ ವೈರಿಂಗ್ ಚೆನ್ನಾಗಿದೆ, ಗಾಳಿ ಕಮ್ಮಿ ಇದ್ರೆ ಅದು ಮೋಟರ್ ಸಮಸ್ಯೆ. 9.6 ಬಂತು ಅಂದ್ಕೊಳ್ಳಿ, ಹಂಗಾದ್ರೆ 2.7 ವೋಲ್ಟ್ ದಾರೀಲಿ ಎಲ್ಲೋ ಮಾಯ. ಎಲ್ಲಿ ಅಂತ ಒಂದೊಂದೇ ತುಂಡು ಅಳೀತಾ ಹೋಗಿ. ಮೀಟರ್‌ನ ಒಂದು ಮುಳ್ಳು ಸ್ವಿಚ್‌ಗೆ ಕರೆಂಟ್ ಬರೋ ಪಿನ್ನಲ್ಲಿ, ಇನ್ನೊಂದು ಹೊರಗೆ ಹೋಗೋ ಮೂರನೇ ಸ್ಪೀಡ್ ಪಿನ್ನಲ್ಲಿ. 0.1, 0.2 ಬಂದ್ರೆ ಸ್ವಿಚ್ ಆರೋಗ್ಯವಾಗಿದೆ, ಅರ್ಧ ವೋಲ್ಟ್ ದಾಟಿದ್ರೆ ಕಾಯಿಲೆ, 1.5 ಬಂದ್ರೆ ಅದು ಈಗಾಗ್ಲೇ ಬೇಯ್ತಿದೆ. ಹಾಗೇ ಬ್ಯಾಟರಿ ಪಾಸಿಟಿವ್‌ನಿಂದ ಸ್ವಿಚ್ ಬಾಯಿವರೆಗೆ, ಅಂದ್ರೆ ಫ್ಯೂಸ್ ಬಾಕ್ಸು ಇಗ್ನಿಷನ್ ಸ್ವಿಚ್ಚು ಸೇರಿ. ಸ್ವಿಚ್ಚಿಂದ ಮೋಟರ್ ಪಾಸಿಟಿವ್ ತನಕದ ವೈರೂ ಅಳೀರಿ. ಆಮೇಲೆ ಮೋಟರ್ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ವರೆಗೆ, ಇಲ್ಲಿ 0.2 ಮೇಲೆ ಬಂದ್ರೆ ಅರ್ಥ್ ಸರಿ ಇಲ್ಲ. ಇದು ಸ್ವಿಚ್ಚು ಪಾಸಿಟಿವ್ ಕಡೆ ಇರೋ ಗಾಡಿ ಲೆಕ್ಕ, ಅರ್ಥ್ ಕಡೆ ಇದ್ರೆ ಸ್ವಿಚ್ಚಲ್ಲಿ ಕಳೆಯೋದೂ ಈ ಕೊನೇ ಅಳತೇಲೇ ಸೇರ್ಕೊಂಡಿರತ್ತೆ, ಅದನ್ನ ಕಳೆದು ನೋಡಿ. ಎಲ್ಲಾ ತುಂಡುಗಳನ್ನ ಕೂಡಿಸಿದ್ರೆ ಆ 2.7 ಬರಲೇಬೇಕು, ಬರಲಿಲ್ಲ ಅಂದ್ರೆ ಯಾವುದೋ ತುಂಡು ಬಿಟ್ಟಿದೀರ. ನನಗೆ ಈ ಪರೀಕ್ಷೆ ಇಷ್ಟ ಯಾಕಂದ್ರೆ ಇಲ್ಲಿ ಊಹೆಗೆ ಜಾಗಾನೇ ಇಲ್ಲ, ಮೀಟರ್ ಬೆರಳು ಮಾಡಿ ತೋರ್ಸತ್ತೆ.

ಕರೆಂಟೂ ಅಳೀಬೇಕು ಅಂದ್ರೆ ಹುಷಾರು. ಮಾಮೂಲಿ ಮೀಟರ್‌ನ 10 ಆಂಪ್ಸ್ ತೂತಿಗೆ ಈ ಮೋಟರ್ ಎಳೆಯೋದು ಅಂಚಿಗೆ ಬರತ್ತೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಇನ್ನೂ ಜಾಸ್ತಿ ಎಳೆಯತ್ತೆ. ಕ್ಲ್ಯಾಂಪ್ ಮೀಟರ್ ಇದ್ರೆ ಒಳ್ಳೇದು, ಆದ್ರೆ ಅದು ಡಿಸಿ ಅಳೆಯೋದಾ ಅಂತ ಕೇಳಿ ತಗೊಳ್ಳಿ, ಕಮ್ಮಿ ಬೆಲೆಯ ಬಹಳಷ್ಟು ಕ್ಲ್ಯಾಂಪ್‌ಗಳು ಮನೆ ಕರೆಂಟಿನ ಥರದ ಎಸಿ ಮಾತ್ರ ಅಳೆಯತ್ತೆ, ಗಾಡಿಗೆ ಪ್ರಯೋಜನ ಇಲ್ಲ.

ಈಗ ಬಿಚ್ಚೋ ಕೆಲಸ. ಮೊದಲು ಬ್ಯಾಟರಿ ನೆಗೆಟಿವ್ ತೆಗೀರಿ, ಇದರಲ್ಲಿ ಸೋಮಾರಿತನ ಬೇಡ, ಡ್ಯಾಶ್ ಹಿಂದೆ ಸ್ಪ್ಯಾನರ್ ತಾಗಿ ಕಿಡಿ ಹಾರಿದ್ರೆ ಇಡೀ ವೈರಿಂಗ್ ಕೈ ಕೊಡತ್ತೆ. ನಾಬ್ ಇಕ್ಕಳದಲ್ಲಿ ಎಳೀಬೇಡಿ, ಹಳೇ ಪ್ಲಾಸ್ಟಿಕ್ ಚೂರಾಗತ್ತೆ, ಹಿಂದೆ ಒಂದು ತೆಳ್ಳಗಿನ ಬಟ್ಟೆ ತೂರಿಸಿ ಎರಡೂ ತುದಿ ಹಿಡಿದು ನಿಮ್ಮ ಕಡೆ ಎಳೆದ್ರೆ ನೇರ ಬರತ್ತೆ. ಪ್ಯಾನೆಲ್ ಹಿಂದೆ ಬಿಸಿ ತಣ್ಣಗೆ ಮಾಡೋ ಲಿವರ್‌ಗಳ ಕೇಬಲ್ ಇರತ್ತೆ, ಕ್ಲಿಪ್ ಕೂತಿರೋ ಜಾಗಕ್ಕೆ ಮಾರ್ಕರಲ್ಲಿ ಗೆರೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಜೋಡಿಸಿದ್ಮೇಲೆ ಹೀಟರ್ ಪೂರ್ತಿ ಮುಚ್ಚದೆ ಬೇಸಿಗೇಲಿ ಕಾಲಿಗೆ ಬಿಸಿಗಾಳಿ ಬರ್ತಾ ಇರತ್ತೆ. ಕನೆಕ್ಟರ್ ತೆಗೆಯೋ ಮುಂಚೆ ಮೊಬೈಲಲ್ಲಿ ನಾಲ್ಕು ಫೋಟೋ ತೆಗೀರಿ. ವೈರ್ ಬಣ್ಣ ನೆನಪಿರತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ, ಇಪ್ಪತ್ತು ವರ್ಷದ ಧೂಳು ಕೂತ ವೈರಲ್ಲಿ ಕೆಂಪು ಯಾವುದು ಕಂದು ಯಾವುದು ಅಂತ ದೇವರಿಗೇ ಗೊತ್ತು.

ಕನೆಕ್ಟರ್ ಕೈಗೆ ಬಂದ ತಕ್ಷಣ ತಿರುಗಿಸಿ ನೋಡಿ. ಆರೋಗ್ಯವಾಗಿರೋ ಬಿಳಿ ಪ್ಲಾಸ್ಟಿಕ್ಕು ಹಳದಿ ತಿರುಗಿರತ್ತೆ ಅಷ್ಟೇ. ಕಾಯಿಲೆ ಇದ್ರೆ ಒಂದು ಪಿನ್ ಸುತ್ತ ಮಾತ್ರ ಕಾಫಿ ಬಣ್ಣ, ಮಧ್ಯೆ ಕಪ್ಪು, ಪಿನ್ ಒಂದು ಕಡೆ ವಾಲಿರತ್ತೆ, ಆ ವೈರಿನ ಮೊದಲ ಎರಡು ಇಂಚು ಮುಟ್ಟಿದ್ರೆ ಒಣ ಕಡ್ಡಿ ಥರ ಗಟ್ಟಿ. ಯಾವ ಪಿನ್ ಸುಟ್ಟಿದೆ ಅನ್ನೋದೇ ದೊಡ್ಡ ಸುಳಿವು, ಬಹಳ ಸಲ ಅದು ಮೇನ್ ಪಿನ್ ಇಲ್ಲಾ ಮೂರನೇ ಸ್ಪೀಡಿನ ಪಿನ್ ಆಗಿರತ್ತೆ, ಪೂರ್ತಿ ಲೋಡ್ ಹಾಯೋದು ಅವೆರಡರಲ್ಲೇ ತಾನೇ.

ಸ್ವಿಚ್ ಒಳಗೆ ನೋಡೋ ಆಸೆ ಇದ್ರೆ ದೊಡ್ಡ ಪ್ಲಾಸ್ಟಿಕ್ ಕವರ್ ಒಳಗೆ ಕೈ ಇಟ್ಕೊಂಡು ಬಿಚ್ಚಿ. ಅಂಚಿನ ತಗಡಿನ ಕಿವಿಗಳನ್ನ ಚಿಕ್ಕ ಸ್ಕ್ರೂಡ್ರೈವರಲ್ಲಿ ಎತ್ತಿದ ಕೂಡ್ಲೇ ಒಳಗಿನ ಸ್ಪ್ರಿಂಗೂ, ಕಟ್ ಕಟ್ ಅನ್ಸೋ ಪುಟ್ಟ ಉಕ್ಕಿನ ಗುಂಡೂ ಚಿಮ್ಮತ್ತೆ, ಅದು ಡ್ರೈನೇಜ್ ಜಾಲರಿ ಕಡೆ ಹೋದ್ರೆ ಅಲ್ಲಿಗೆ ಸ್ವಿಚ್ ಕಥೆ ಮುಗೀತು. ಒಳಗೆ ಒಂದು ಓಡಾಡೋ ಪಟ್ಟಿ, ಅದು ಕೂರೋ ಮೂರು ನಾಲ್ಕು ಲೋಹದ ಗುಬ್ಬಿಗಳು, ಕಾಂಟ್ಯಾಕ್ಟ್ ಅಂದ್ರೆ ಇವೇ, ಸುತ್ತ ಒಣಗಿ ಅಂಟು ಥರ ಆಗಿರೋ ಹಳೇ ಗ್ರೀಸು. ಅಂಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಇಲ್ಲಾ ಕಾಂಟ್ಯಾಕ್ಟ್ ಕ್ಲೀನರಲ್ಲಿ ತೊಳೀರಿ, ಪೆಟ್ರೋಲ್ ಬೇಡ. ಗುಬ್ಬಿ ಮೇಲೆ ಕಪ್ಪು ಮಾತ್ರ ಇದ್ರೆ 800 ನಂಬರ್ ಸ್ಯಾಂಡ್ ಪೇಪರಲ್ಲಿ ಹಗುರಕ್ಕೆ ಉಜ್ಜಿ ಲೋಹ ಹೊಳೆದ ತಕ್ಷಣ ನಿಲ್ಲಿಸಿ, ಮೇಲಿನ ಲೇಪ ಬಹಳ ತೆಳು, ಅರ ಹಾಕಿ ಉಜ್ಜಿದ್ರೆ ಲೇಪಾನೇ ಹೋಗಿ ಮತ್ತೆ ಬೇಗ ಕಿಲುಬು ಹಿಡಿಯತ್ತೆ. ಗುಳಿ ಬಿದ್ದಿದ್ರೆ, ಗುಬ್ಬಿ ಸುತ್ತ ಪ್ಲಾಸ್ಟಿಕ್ ಕರಗಿ ಅದು ಅಲ್ಲಾಡ್ತಿದ್ರೆ ಉಜ್ಜಿ ಉಪಯೋಗ ಇಲ್ಲ, ಆಗ ಧೈರ್ಯವಾಗಿ ಹೊಸ ಸ್ವಿಚ್ ತಗೊಳ್ಳಿ. ಚೆನ್ನಾಗಿದ್ರೆ ಪಟ್ಟೀನ ಕೂದಲೆಳೆಯಷ್ಟು ಎತ್ತಿ ಬಿಗಿ ಕೊಟ್ಟು, ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮುಚ್ಚಿ.

ಆದ್ರೆ ಸ್ವಿಚ್ ಹೊಸದು ಮಾಡಿ ಅದೇ ಸುಟ್ಟ ಕನೆಕ್ಟರ್ ಅದಕ್ಕೇ ಚುಚ್ಚಿದ್ರೆ ಮಾಡಿದ್ದೆಲ್ಲ ದಂಡ. ಬಿಸಿ ತಿಂದ ಹೆಣ್ಣು ಟರ್ಮಿನಲ್, ಅಂದ್ರೆ ಕನೆಕ್ಟರ್ ಒಳಗೆ ಪಿನ್ ಹಿಡಿಯೋ ತೂತಿನ ತುಂಡು, ಬಿಗಿ ಕಳ್ಕೊಂಡಿರತ್ತೆ, ಹೊಸ ಸ್ವಿಚ್ ಪಿನ್ನನ್ನ ಸಡಿಲಾಗಿ ಹಿಡಿಯತ್ತೆ, ಮತ್ತೆ ಅಲ್ಲೇ ಬಿಸಿ. ಸುಟ್ಟ ವೈರನ್ನ ತಾಮ್ರ ಕೆಂಪಗೆ ಹೊಳೆಯೋವರೆಗೂ ಹಿಂದಕ್ಕೆ ಕತ್ತರಿಸಿ, ಕಪ್ಪು ತಾಮ್ರಕ್ಕೆ ಸೋಲ್ಡರ್ರೂ ಹಿಡಿಯಲ್ಲ ಲಗ್ಗೂ ಕಚ್ಚಲ್ಲ. 2.5 ಸ್ಕ್ವೇರ್ ಎಂಎಂ ಆಟೋ ವೈರಲ್ಲಿ ಹೊಸ ತುಂಡು ಸೇರಿಸಿ, ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲಿ ಹೊಸ ಟರ್ಮಿನಲ್ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ವೈರ್ ತಿರುಚಿ ಟೇಪ್ ಸುತ್ತೋದು ಬೇಡ, ಜೀಪ್ ಓಡೋ ದಾರೀಲಿ ಆ ಗಂಟು ಸಡಿಲಾಗದೆ ಇರಲ್ಲ.

ಸ್ವಿಚ್ ಕಡೆ ಮುಗೀತು, ಇನ್ನು ಅದನ್ನ ಸುಡಿಸಿದ ಮೋಟರ್ ಕಡೆ. ಬೆಂಗಳೂರಲ್ಲಿ ನಾವು ಗಾಡಿ ನಿಲ್ಲಿಸೋದೇ ಮರದ ಕೆಳಗೆ, ಗುಲ್‌ಮೊಹರ್, ಮಳೆಮರದ ಆ ಸಣ್ಣ ಸಣ್ಣ ಎಲೆ ಗಾಜಿನ ಬುಡದ ಜಾಲರಿ ತೂರಿ ನೇರ ಬ್ಲೋವರ್ ಕಡೆ ಇಳಿಯತ್ತೆ. ಮೋಟರ್ ಇಳಿಸಿದ್ರೆ ಫ್ಯಾನ್ ರೆಕ್ಕೆ ಮಧ್ಯೆ ಒದ್ದೆ ಎಲೆಗೊಬ್ಬರ ಸಿಗೋದು ಮಾಮೂಲು, ಕೆಲವು ಸಲ ಇಲಿ ಗೂಡೂ ಸಿಗತ್ತೆ. ಅದೆಲ್ಲ ತೆಗೆದು ರೆಕ್ಕೆ ಕೈಯಲ್ಲಿ ತಿರುಗಿಸಿ, ಬಿಟ್ಟ ಮೇಲೂ ಒಂದೆರಡು ಸುತ್ತು ತಾನೇ ಹೋಗಬೇಕು. ಮೆಷಿನ್ ಆಯಿಲ್ ಒಂದೆರಡು ಹನಿ ಎರಡೂ ತುದಿಯ ಬುಷ್‌ಗೆ ಸಾಕು, ಜಾಸ್ತಿ ಹಾಕಿದ್ರೆ ಬ್ರಷ್ ಮೇಲೆ ಹೋಗಿ ಇನ್ನೊಂದು ತಲೆನೋವು. ಎಣ್ಣೆ ಹಾಕಿದ್ಮೇಲೂ ಕಿರ್ ಅಂತ ಬಿಗಿ ಇದ್ರೆ ಮೋಟರ್ ಬದಲಾಯಿಸಿ, ಅದನ್ನ ಉಳಿಸಕ್ಕೆ ಹೋಗಿ ಸ್ವಿಚ್ ಮೇಲೆ ಸ್ವಿಚ್ ಕಳ್ಕೊಬೇಡಿ.

ಸಾಮಾನು ತರೋದು ನಮಗೆ ಕಷ್ಟ ಇಲ್ಲ, ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗಿನ ಜೆಸಿ ರೋಡಲ್ಲಿ ಸಿಗದ ಗಾಡಿ ಸಾಮಾನು ಕಮ್ಮಿ, ಮೀಟರ್, ಸ್ಲೀವ್, ಕ್ಲೀನರ್ ಎಸ್‌ಪಿ ರೋಡಲ್ಲಿ. ಗಾಡಿ ಮನೇಲಿಟ್ಟು ಮೆಟ್ರೋಲೋ ಬಸ್ಸಲ್ಲೋ ಹೋಗಿ, ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗತ್ತೆ. ಹಳೇ ಸ್ವಿಚ್ ಜೇಬಲ್ಲಿರಲಿ. ಅಂಗಡೀಲಿ ಹೀಗೆ ನಡೆಯತ್ತೆ:

"ಅಣ್ಣ, ಇದೇ ಥರದ್ದು ಬೇಕು."

"ಇದು ಬರಲ್ಲ ಸಾರ್ ಈಗ. ಯೂನಿವರ್ಸಲ್ ಇದೆ, ಎಲ್ಲಾದಕ್ಕೂ ಕೂರತ್ತೆ."

ಕೂರೋದು ತೂತಿಗೆ, ಸರ್ಕ್ಯೂಟಿಗಲ್ಲ. ನಾಲ್ಕು ಪಿನ್ ಇದೆ ಅಂತ ತಗೋಬೇಡಿ, ಯಾವ ಸ್ಥಾನದಲ್ಲಿ ಯಾವ ಪಿನ್ ಮೇನ್ ಜೊತೆ ಸೇರತ್ತೆ ಅಂತ ಅಂಗಡಿ ಕೌಂಟರಲ್ಲೇ ಬೀಪ್ ಮೋಡಲ್ಲಿ ನೋಡ್ಕೊಳ್ಳಿ, ಬೀಪ್ ಮೋಡ್ ನಿಜಕ್ಕೂ ಕೆಲಸಕ್ಕೆ ಬರೋದು ಇಲ್ಲಿ. ಆಂಪಿಯರ್ ರೇಟಿಂಗ್ ಕೇಳಿ, ಸ್ವಿಚ್ ಮೇಲೆ ಬರೆದಿಲ್ಲ ಅಂದ್ರೆ ನಾನಾದ್ರೆ ಬಿಡ್ತೀನಿ. ಕೆಲವರು ಮನೆ ಗೋಡೆಗೆ ಹಾಕೋ 6 ಆಂಪ್ಸ್ ಸ್ವಿಚ್ಚನ್ನೇ ಡ್ಯಾಶ್ ಕೆಳಗೆ ಸ್ಕ್ರೂ ಹಾಕಿ "ಡೈರೆಕ್ಟ್ ಕೊಟ್ಟಿದೀನಿ ಸಾರ್, ಟೆನ್ಷನ್ ಇಲ್ಲ" ಅಂತಾರೆ. 6ರ ಸ್ವಿಚ್ಚಿಗೆ 10ರ ಲೋಡು, ಟೆನ್ಷನ್ ಇಲ್ದೆ ಇರೋದು ಅವರಿಗೆ.

ಇನ್ನು ರಿಲೇ. ಹಳೇ ಗಾಡಿಗೆ ಇದೊಂದು ಮಾಡಿಸ್ಕೊಂಡ್ರೆ ಸ್ವಿಚ್ ಆಯಸ್ಸು ನಿಜಕ್ಕೂ ಬೆಳೆಯತ್ತೆ. ಹೆಡ್‌ಲೈಟಿಗೆ ಹಾಕೋ ಮಾಮೂಲಿ 12 ವೋಲ್ಟ್ ನಾಲ್ಕು ಪಿನ್ ರಿಲೇನೇ ಸಾಕು, ಪಿನ್ ಮೇಲೆ 30, 85, 86, 87 ಅಂತ ಬರೆದಿರತ್ತೆ. 85, 86 ಒಳಗಿನ ಕಾಯಿಲ್‌ದು, ಅದು ಎಳೆಯೋದು ಆಂಪಿಯರ್‌ನ ಕಾಲು ಭಾಗಕ್ಕಿಂತ ಕಮ್ಮಿ, 30 ಮತ್ತು 87 ದಪ್ಪ ಲೋಡ್ ಹೊರೋ ಕಾಂಟ್ಯಾಕ್ಟು. ಸ್ವಿಚ್ಚು ಪಾಸಿಟಿವ್ ಕಡೆ ಇರೋ ಗಾಡೀಲಿ ಸ್ವಿಚ್‌ನ ಮೂರನೇ ಸ್ಪೀಡ್ ಪಿನ್ನಿಂದ ಹೊರಟ ವೈರನ್ನ ಕತ್ತರಿಸಿ, ಸ್ವಿಚ್ ಕಡೆ ತುದಿನ 86ಕ್ಕೆ ಕೊಡಿ, 85 ಬಾಡಿ ಅರ್ಥಿಗೆ. ಬ್ಯಾಟರಿಯಿಂದ ಬೇರೆ ವೈರ್ ಎಳೆದು, ಬ್ಯಾಟರಿ ಹತ್ರಾನೇ ಹೊಸ ಫ್ಯೂಸ್ ಹಾಕಿ 30ಕ್ಕೆ ತನ್ನಿ, 87ರಿಂದ ಕತ್ತರಿಸಿದ ವೈರಿನ ಮೋಟರ್ ಕಡೆ ತುದಿಗೆ ಕೊಡಿ. ಅರ್ಥ್ ಕಡೆ ಸ್ವಿಚ್ ಇರೋ ಗಾಡೀಲಿ ಉಲ್ಟಾ: 86ಕ್ಕೆ ಕೀ ಆನ್ ಆದಾಗ ಮಾತ್ರ ಬರೋ ಪಾಸಿಟಿವ್, 85 ಸ್ವಿಚ್‌ನ ಮೂರನೇ ಪಿನ್ನಿಗೆ, 30 ಮೋಟರ್‌ನ ನೆಗೆಟಿವ್ ಕಡೆಗೆ, 87 ಒಳ್ಳೇ ಅರ್ಥಿಗೆ. ಒಂದು ಎರಡನೇ ಸ್ಪೀಡು ಹಳೇ ದಾರೀಲೇ ಹೋಗತ್ತೆ, ಅಲ್ಲಿ ಕರೆಂಟ್ ಕಮ್ಮಿ ಇರೋದ್ರಿಂದ ಸ್ವಿಚ್ ತಡ್ಕೊಳತ್ತೆ. ಮೂರಕ್ಕೆ ಹಾಕಿದಾಗ ಸ್ವಿಚ್ ರಿಲೇನ ಎಬ್ಬಿಸತ್ತೆ ಅಷ್ಟೇ, ಹೊರೋದು ರಿಲೇ. ಮೊದಲು ಪೇಪರ್ ಮೇಲೆ ಬರೆದು, ಆಮೇಲೆ ವೈರ್ ಕತ್ತರಿಸಿ.

ಎರಡು ಕೆಲಸ ಮಾತ್ರ ಯಾರು ಹೇಳಿದ್ರೂ ಮಾಡ್ಬೇಡಿ. ಒಂದು, ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ 15ರ ಜಾಗಕ್ಕೆ 30ರದ್ದು ಹಾಕೋದು. ಆಗ ಫ್ಯೂಸ್ ಉಳಿಯತ್ತೆ, ವೈರ್ ಫ್ಯೂಸ್ ಆಗತ್ತೆ. ಇನ್ನೊಂದು, ರೆಸಿಸ್ಟರ್ ಮೇಲಿನ ಥರ್ಮಲ್ ಫ್ಯೂಸ್ ಹೋದಾಗ ಅದರ ಎರಡು ಕಾಲಿಗೆ ತಂತಿ ಕಟ್ಟಿ ಸೋಲ್ಡರ್ ಹಾಕೋದು. ಅವತ್ತು ಮೂರೂ ಸ್ಪೀಡ್ ಚಕ್ ಅಂತ ಬರತ್ತೆ, ಭಲೇ ಅನ್ಸತ್ತೆ. ಆದ್ರೆ ಒಂದು ದಿನ ಎಲೆ ಸಿಕ್ಕೊಂಡು ಮೋಟರ್ ನಿಂತ್ರೆ ಗಾಳಿ ಇಲ್ಲ, ಕರೆಂಟ್ ಹರೀತಾನೇ ಇದೆ, ಸುರುಳಿ ಕೆಂಪಗೆ ಕಾದು ಅದೇ ಡಕ್ಟಲ್ಲಿ ಬಿದ್ದಿರೋ ಒಣ ಎಲೆ ಮೇಲೆ ಕೂತಿರತ್ತೆ. ಮುಂದಿನದು ನೀವೇ ಊಹಿಸ್ಕೊಳ್ಳಿ.

ಎಲ್ಲಾ ಜೋಡಿಸಿದ್ಮೇಲೆ ಪ್ಯಾನೆಲ್ ಸ್ಕ್ರೂ ಆಗ್ಲೇ ಬಿಗಿ ಮಾಡ್ಬೇಡಿ. ಇಂಜಿನ್ ಸ್ಟಾರ್ಟ್ ಮಾಡಿ, ಈಗ ಬ್ಯಾಟರಿ 13.8ರಿಂದ 14.4 ಮಧ್ಯೆ ಇರತ್ತೆ, ಫ್ಯಾನ್ ಮೂರರಲ್ಲಿ ಇಟ್ಟು ಒಂದು ಕಾಫಿ ಕುಡಿದು ಬನ್ನಿ. ಬಂದು ಕನೆಕ್ಟರ್ ಬೆರಳಲ್ಲಿ ಹಿಡೀರಿ, ಬೆಚ್ಚಗಿದ್ರೆ ಸರಿ, ಹಿಡ್ಕೊಳ್ಳಕ್ಕೆ ಆಗದಷ್ಟು ಬಿಸಿ ಇದ್ರೆ ಇನ್ನೂ ಎಲ್ಲೋ ರೆಸಿಸ್ಟೆನ್ಸ್ ಉಳಿದಿದೆ, ಮೊದಲಿನ ಅಳತೆಗಳನ್ನ ಮತ್ತೆ ತಗೊಳ್ಳಿ. ಆ ಅಳತೆ ಎಲ್ಲಾದ್ರೂ ಬರೆದಿಡಿ, ಮುಂದಿನ ವರ್ಷ ಹೋಲಿಸಕ್ಕೆ ಬೇಕಾಗತ್ತೆ.

ಇಷ್ಟೆಲ್ಲ ಆಗಿ ಗಾಳಿ ಜೋರಾಗಿ ಬರ್ತಿದೆ ಆದ್ರೆ ಬಿಸಿ ಬರ್ತಿಲ್ಲ ಅಂದ್ರೆ ಮತ್ತೆ ಸ್ವಿಚ್ ಬಿಚ್ಚಬೇಡಿ, ಅದು ನೀರಿನ ಕಡೆ ವಿಷಯ. ಹೀಟರ್‌ಗೆ ಹೋಗೋ ಎರಡು ಹೋಸನ್ನೂ ಇಂಜಿನ್ ಬಿಸಿ ಇದ್ದಾಗ ಹುಷಾರಾಗಿ ಮುಟ್ಟಿ ನೋಡಿ, ಒಂದು ಬಿಸಿ ಒಂದು ತಣ್ಣಗಿದ್ರೆ ಕೋರ್ ಕಟ್ಕೊಂಡಿದೆ ಇಲ್ಲಾ ವಾಲ್ವ್ ತೆರೀತಿಲ್ಲ. ಎರಡೂ ಉಗುರುಬೆಚ್ಚಗೆ ಮಾತ್ರ ಇದ್ದು ಟೆಂಪರೇಚರ್ ಮುಳ್ಳೂ ಕೆಳಗೇ ಮಲಗಿದ್ರೆ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿ ಆಗೋವರೆಗೂ ರೇಡಿಯೇಟರ್ ಕಡೆ ನೀರು ತಡೆಯೋ ವಾಲ್ವ್) ಇದೆಯಾ ಅಂತ ನೋಡಿ, "ನಮ್ಮೂರಿಗೆ ಬೇಡ ಸಾರ್" ಅಂತ ಯಾವತ್ತೋ ಯಾರೋ ಕಿತ್ತು ಹಾಕಿರೋ ಸಾಧ್ಯತೆ ಬಹಳ ಇದೆ.